ಶಾಸಕರ ಆದ್ಯತೆಯ ಪಟ್ಟಿಯನ್ನು ಓದುವ ಬಗೆ: ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ನಿದರ್ಶನ

ಚುನಾವಣೆ ಹತ್ತಿರವಾದಂತೆ ಸಂಘದ ಕಚೇರಿಗೂ ಅಡಿಕೆ ಮಂಡಿಗೂ ಕ್ಯೂರಿಂಗ್ ವರ್ಕ್ಸ್ ಅಂಗಳಕ್ಕೂ ಅಭ್ಯರ್ಥಿಗಳು ಬರುವುದು ವಾಡಿಕೆ. ಅವರ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ, ನಮ್ಮ ಕೈಯಲ್ಲಿ ಒಂದು ಮನವಿ ಇರುತ್ತದೆ. ಬೆಂಬಲ ಬೆಲೆ, ಸಾಲದ ಬಡ್ಡಿ, ರಸ್ತೆ, ಗೋಶಾಲೆ, ಮಠದ ಜೀರ್ಣೋದ್ಧಾರ, ಆಮದು ತಡೆ ಎಲ್ಲವೂ ಒಂದರ ಕೆಳಗೊಂದು, ಒಂದೇ ತೂಕದವು ಎಂಬಂತೆ ಅಚ್ಚಾಗಿರುತ್ತವೆ. ಎರಡು ವರ್ಷದ ಮೇಲೆ ವಿಚಾರಿಸಿದರೆ ಕೆಲವು ಆಗಿರುತ್ತವೆ, ಕೆಲವಕ್ಕೆ "ಅದು ದೆಹಲಿಗೆ ಸೇರಿದ್ದು" ಎಂಬ ಉತ್ತರ ಸಿಗುತ್ತದೆ. ಹಾಗಿದ್ದರೆ ಮೊದಲೇ ಏಕೆ ಹೇಳಲಿಲ್ಲ ಎಂದು ನಾವು ಕೇಳುವುದಿಲ್ಲ. ಅದನ್ನು ಕೇಳಲು ಬೇಕಾದ ತಿಳಿವಳಿಕೆ ನಮ್ಮಲ್ಲಿ ಕಡಿಮೆ.

ಈ ಸಂಚಿಕೆಯ ಪಾಠಕ್ಕೆ ಮಲೆನಾಡನ್ನಾಗಲಿ ಕೊಡಗನ್ನಾಗಲಿ ಆರಿಸಿಕೊಳ್ಳದೆ, ರಾಜ್ಯದ ಉತ್ತರದ ತುದಿಯಲ್ಲಿರುವ ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳನ್ನು ಆರಿಸಿಕೊಂಡಿದ್ದೇವೆ. ದೂರದ ಊರಿನ ರಾಜಕೀಯವನ್ನು ನೋಡುವಾಗ ನಮ್ಮವರು, ನಿಮ್ಮವರು ಎಂಬ ಕಾವು ಇರುವುದಿಲ್ಲ ಎಂಬುದು ಒಂದು ಕಾರಣ. ಅಲ್ಲಿ ಕಾಫಿ ಇಲ್ಲ, ಅಡಿಕೆ ಇಲ್ಲ. ತೊಗರಿ, ಉದ್ದು, ಹೆಸರು, ಸೋಯಾ, ಜೋಳ, ನೀರಿದ್ದಲ್ಲಿ ಕಬ್ಬು. ತೋಟದ ಬೆಳೆಗಳಿಗೆಂದು ಕಾನೂನು ಕೊಟ್ಟಿರುವ ವಿನಾಯಿತಿಗಳ ಕೊಡೆ ಅಲ್ಲಿಯ ರೈತನ ತಲೆಯ ಮೇಲಿಲ್ಲವಾದ್ದರಿಂದ, ಬೆಂಗಳೂರಿನಲ್ಲಿ ಮಾಡಿದ ಕಾನೂನು ಅಲ್ಲಿ ನೇರವಾಗಿ ಮೈಗೆ ತಾಗುತ್ತದೆ. ಇದು ಎರಡನೆಯ ಕಾರಣ. ಸಂಘ ಯಾವ ಪಕ್ಷದ ಪರವೂ ಅಲ್ಲ, ವಿರೋಧವೂ ಅಲ್ಲ ಎಂಬುದನ್ನು ಸದಸ್ಯ ಬಂಧುಗಳಿಗೆ ಮತ್ತೆ ಹೇಳಬೇಕಾಗಿಲ್ಲ.

ಮೂರು ತೊರೆಗಳು

ಬಸವಕಲ್ಯಾಣದ ಶಾಸಕರಾಗಿದ್ದ ಕಾಂಗ್ರೆಸ್ಸಿನ ಶ್ರೀ ಬಿ. ನಾರಾಯಣರಾವ್ 2020ರಲ್ಲಿ ಕೊರೋನಾದಿಂದ ತೀರಿಕೊಂಡ ಮೇಲೆ, 2021ರ ಏಪ್ರಿಲ್‌ನಲ್ಲಿ ನಡೆದ ಉಪಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷದ ಶ್ರೀ ಶರಣು ಸಲಗರ ಗೆದ್ದರು. 2023ರಲ್ಲಿ ಅವರೇ ಪುನಃ ಗೆದ್ದರು. ಹುಮನಾಬಾದಿನಲ್ಲಿ ಅದೇ ವರ್ಷ ಅದೇ ಪಕ್ಷದ ಶ್ರೀ ಸಿದ್ದು ಪಾಟೀಲ್ ಆರಿಸಿ ಬಂದರು. ಆದರೆ ಆ ಚುನಾವಣೆಯಲ್ಲಿ ಅಧಿಕಾರ ಕಾಂಗ್ರೆಸ್ಸಿಗೆ ಹೋಯಿತು. ವಿರೋಧ ಪಕ್ಷದ ಶಾಸಕನ ಪಟ್ಟಿಯಿಂದ ಅವನ ಒಲವು ತಿಳಿಯಬಹುದು, ಅದರ ಫಲ ತಿಳಿಯುವುದಿಲ್ಲ. ಫಲ ನೋಡಬೇಕಾದರೆ ಆ ಪಕ್ಷ ಆಳಿದ ವರ್ಷಗಳನ್ನೇ, ಅದರಲ್ಲೂ ನಾಲ್ಕು ಬಾರಿ ಮುಖ್ಯಮಂತ್ರಿಯಾದ ಶ್ರೀ ಬಿ. ಎಸ್. ಯಡಿಯೂರಪ್ಪನವರ 2008–2011 ಮತ್ತು 2019–2021ರ ಅವಧಿಗಳನ್ನೇ ನೋಡಬೇಕು. ಅವರು ಶಿಕಾರಿಪುರದ ಪ್ರತಿನಿಧಿಯಾಗಿದ್ದವರು. ಅಡಿಕೆ ಬೆಳೆಗಾರರಿಗೆ ಪರಿಚಯ ಹೇಳಬೇಕಾಗಿಲ್ಲ.

ಪರದೇಶಗಳಲ್ಲಿ ಸಂಪ್ರದಾಯವಾದಿ ಶಾಸಕನೆಂದರೆ ಸಾಮಾನ್ಯವಾಗಿ ತೆರಿಗೆ ಇಳಿಸು, ಸರ್ಕಾರದ ಖರ್ಚು ಇಳಿಸು, ಹಿರಿಯರ ಪದ್ಧತಿ ಉಳಿಸು ಎನ್ನುವವನು. ನಮ್ಮಲ್ಲಿ ಆ ಲೆಕ್ಕ ಸರಿಹೊಂದುವುದಿಲ್ಲ. ನಮ್ಮ ಸಂಪ್ರದಾಯವಾದಿ ಶಾಸಕನಲ್ಲಿ ಮೂರು ತೊರೆಗಳು ಕೂಡಿ ಹರಿಯುತ್ತವೆ. ಧರ್ಮ, ಮಠ, ಗೋವುಗಳ ರಕ್ಷಣೆ ಒಂದು. ಮಾರುಕಟ್ಟೆ ಮತ್ತು ಜಮೀನಿನ ಮೇಲಿನ ಕಟ್ಟುಪಾಡುಗಳನ್ನು ಸಡಿಲಿಸುವುದು ಇನ್ನೊಂದು. ಮೂರನೆಯದು ಸರ್ಕಾರದ ಬೊಕ್ಕಸದಿಂದ ರೈತನಿಗೆ ನೇರ ನೆರವು. 2008ರಲ್ಲಿ 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಕೊಟ್ಟದ್ದು, 2011ರಲ್ಲಿ ಕೃಷಿಗೆಂದೇ ಪ್ರತ್ಯೇಕ ಬಜೆಟ್ ಮಂಡಿಸಿದ್ದು, 2019ರಲ್ಲಿ ಕೇಂದ್ರದ ಕಿಸಾನ್ ಸಮ್ಮಾನ್ ಹಣದ ಜೊತೆಗೆ ರಾಜ್ಯದಿಂದ ವರ್ಷಕ್ಕೆ 4,000 ರೂ. ಸೇರಿಸಿದ್ದು ಈ ಮೂರನೆಯ ತೊರೆಯ ನೀರು. ಶ್ರೀ ಬಸವರಾಜ ಬೊಮ್ಮಾಯಿಯವರು 2023ರ ಬಜೆಟ್ಟಿನಲ್ಲಿ ಬಡ್ಡಿಯಿಲ್ಲದ ಬೆಳೆ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ್ದೂ ಇದಕ್ಕೇ ಸೇರುತ್ತದೆ.

ಈ ಮೂರನೆಯ ತೊರೆಯ ಗುಣವೇನೆಂದರೆ ಅದು ಬೇಗ ಬರುತ್ತದೆ, ಬೇಗ ಬತ್ತುವುದೂ ಉಂಟು. ಬಜೆಟ್ಟಿನ ಒಂದು ಸಾಲಿನಿಂದ ಬಂದದ್ದು ಇನ್ನೊಂದು ಬಜೆಟ್ಟಿನ ಮೌನದಿಂದ ನಿಲ್ಲುತ್ತದೆ. ರಾಜ್ಯದ ಆ 4,000 ರೂ. 2023ರಲ್ಲಿ ಸರ್ಕಾರ ಬದಲಾದ ಮೇಲೆ ನಿಂತಿತು. 5 ಲಕ್ಷದ ಸಾಲದ ಮಿತಿಯನ್ನು ಹೊಸ ಸರ್ಕಾರವೂ ಉಳಿಸಿಕೊಂಡಿತು. ಒಂದು ನಿಂತು ಇನ್ನೊಂದು ಉಳಿದದ್ದೇಕೆ? ಸಾಲದ ವಿಚಾರದಲ್ಲಿ ಪ್ರತಿ ಊರಿನಲ್ಲೂ ಒಂದು ಪ್ರಾಥಮಿಕ ಸಹಕಾರ ಸಂಘ ಕುಳಿತಿದೆ, ಅದರ ಹಿಂದೆ ಜಿಲ್ಲಾ ಬ್ಯಾಂಕ್ ಇದೆ. ಕೇಳುವ ಬಾಯಿ ಇರುವ ಸವಲತ್ತು ಸುಲಭವಾಗಿ ಸಾಯುವುದಿಲ್ಲ ಎಂದು ನಮಗೆ ತೋರುತ್ತದೆ.

ಮಾರುಕಟ್ಟೆಯ ಬಾಗಿಲು

ಮೊದಲು ನಾವು ಕಂಡದ್ದನ್ನು ನೆನೆಯೋಣ. 1942ರ ಕಾಫಿ ಕಾಯಿದೆಯಡಿ ಬೆಳೆಗಾರ ತನ್ನ ಕಾಫಿಯನ್ನು ಮಂಡಳಿಯ ಪೂಲಿಗೇ ಒಪ್ಪಿಸಬೇಕಾಗಿತ್ತು. ಹಣ ಕಂತುಕಂತಾಗಿ ಬರುತ್ತಿತ್ತು, ತಡವಾಗಿ ಬರುತ್ತಿತ್ತು. 1992ರಿಂದ ಆ ಕಟ್ಟು ಹಂತಹಂತವಾಗಿ ಸಡಿಲವಾಗಿ 1996ರಲ್ಲಿ ಪೂರ್ತಿ ಬಿಚ್ಚಿತು. ಅದಕ್ಕೆ ಸರಿಯಾಗಿ 1994ರಲ್ಲಿ ಬ್ರೆಜಿಲ್ ದೇಶದಲ್ಲಿ ಹಿಮ ಬಿದ್ದು ಜಗತ್ತಿನ ಬೆಲೆ ಏರಿತ್ತು. ಸ್ವತಂತ್ರ ಮಾರಾಟವೇ ಬೆಲೆ ತಂದಿತೆಂದು ಅನೇಕರು ತಿಳಿದರು. 2001–02ರ ಹೊತ್ತಿಗೆ ಬೆಲೆ ಪಾತಾಳಕ್ಕಿಳಿದಾಗ ಪೂಲ್ ಇರಲಿಲ್ಲ, ಒರಗಲು ಗೋಡೆಯೂ ಇರಲಿಲ್ಲ. ಬಾಗಿಲು ತೆರೆದದ್ದು ತಪ್ಪೆಂದು ನಾವು ಹೇಳುತ್ತಿಲ್ಲ. ಇಂದು ಪೂಲಿಗೆ ಹಿಂತಿರುಗಲು ಒಪ್ಪುವ ಕಾಫಿ ಬೆಳೆಗಾರ ನಮಗಂತೂ ಸಿಕ್ಕಿಲ್ಲ. ಆದರೆ ಬಾಗಿಲು ತೆರೆದ ವರ್ಷದ ಬೆಲೆಯಿಂದ ಬಾಗಿಲಿನ ಗುಣವನ್ನು ಅಳೆಯಬಾರದು.

ಈಗ ಬೀದರಿಗೆ ಬರೋಣ. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆಯ ಪ್ರಕಾರ ಅಧಿಸೂಚಿತ ಬೆಳೆಯನ್ನು ಮಾರುಕಟ್ಟೆ ಪ್ರಾಂಗಣದಲ್ಲೇ ಮಾರಬೇಕಿತ್ತು, ಹೊರಗಿನ ವ್ಯಾಪಾರಕ್ಕೆ ದಂಡ ಇತ್ತು. 2020ರ ಮೇ ತಿಂಗಳಲ್ಲಿ ಯಡಿಯೂರಪ್ಪನವರ ಸರ್ಕಾರ ಸುಗ್ರೀವಾಜ್ಞೆ ತಂದು ಸಮಿತಿಯ ಅಧಿಕಾರವನ್ನು ಪ್ರಾಂಗಣದ ಕಾಂಪೌಂಡಿಗೆ ಸೀಮಿತಗೊಳಿಸಿತು. ಹೊರಗೆ ಕೊಂಡವನಿಗೆ ಶುಲ್ಕವಿಲ್ಲ, ಒಳಗೆ ಕೊಂಡವನಿಗೆ ಉಂಟು. ಇದರಿಂದ ವ್ಯಾಪಾರ ಹೊರಗೆ ಹರಿಯುವುದು ಸಹಜ. ಅದನ್ನು ತಡೆಯಲು ನೂರಕ್ಕೆ ಒಂದೂವರೆ ರೂಪಾಯಿ ಇದ್ದ ಒಳಗಿನ ಶುಲ್ಕವನ್ನು 35 ಪೈಸೆಗೆ ಇಳಿಸಿದರು. ಅಷ್ಟರಲ್ಲಿ ಸಮಿತಿಯ ಸಂಬಳ ಸಾರಿಗೆಯೂ ನಡೆಯದೆಂದು ಕಂಡು ಆಮೇಲೆ 60 ಪೈಸೆಗೆ ಏರಿಸಿದರು.

ಬಸವಕಲ್ಯಾಣದ ಸಣ್ಣ ರೈತನಿಗೆ ಇದರಿಂದ ಏನಾಯಿತು? ಮಹಾರಾಷ್ಟ್ರದ ಗಡಿ ಅವನ ಹೊಲದ ಮಗ್ಗುಲಲ್ಲೇ ಇದೆ. ಸೋಯಾ, ತೊಗರಿಗಳಿಗೆ ಹೆಸರಾದ ಲಾತೂರು ಪೇಟೆ ದೂರವಲ್ಲ. ಟೆಂಪೋ ತುಂಬುವಷ್ಟು ಮಾಲು ಇದ್ದವನು ಕಾನೂನಿಗೆ ಮೊದಲೂ ಬೆಲೆ ಇದ್ದ ಕಡೆಗೆ ಹೋಗುತ್ತಿದ್ದ. ಐದಾರು ಚೀಲದವನು ಊರಿನ ಕೊಳ್ಳುವವನಿಗೇ ಕೊಡುತ್ತಿದ್ದ, ಏಕೆಂದರೆ ಬಿತ್ತನೆಯ ಹೊತ್ತಿಗೆ ಕೈಗಡ ಪಡೆದದ್ದು ಅವನಲ್ಲೇ. ಕಾನೂನು ಈ ಎರಡನೆಯವನಿಗೆ ಹೊಸ ಗಿರಾಕಿಯನ್ನು ಕೊಡಲಿಲ್ಲ, ಹಳೆಯ ಗಿರಾಕಿಯ ವ್ಯಾಪಾರವನ್ನು ಸಕ್ರಮ ಮಾಡಿತು. ಆ ಹಳ್ಳಿಯ ವ್ಯಾಪಾರಿ ಬೆಲೆ ಹೇಳುವುದು ಹುಮನಾಬಾದ್ ಅಥವಾ ಕಲಬುರಗಿ ಪ್ರಾಂಗಣದ ಹರಾಜನ್ನು ನೋಡಿಯೇ. ಪ್ರಾಂಗಣಕ್ಕೆ ಬರುವ ಆವಕ ಕಡಿಮೆಯಾದಷ್ಟೂ ಆ ಹರಾಜಿನ ಬೆಲೆ ತೆಳ್ಳಗಾಗುತ್ತದೆ. ಅಡಿಕೆಯವರಿಗೆ ಇದು ತಿಳಿದ ಮಾತು. ಶಿವಮೊಗ್ಗ, ಶಿರಸಿಯ ಟೆಂಡರಿನ ದರ ಪತ್ರಿಕೆಯಲ್ಲಿ ಬರದಿದ್ದರೆ ಮನೆಯ ಅಂಗಳಕ್ಕೆ ಬಂದ ವ್ಯಾಪಾರಿಯೊಡನೆ ಯಾವ ಲೆಕ್ಕದ ಮೇಲೆ ಚೌಕಾಸಿ ಮಾಡುವುದು? ನಮ್ಮಲ್ಲಿ ಕ್ಯಾಂಪ್ಕೊ, ಮಾಮ್ಕೋಸ್, ಶಿರಸಿಯ ಟಿ.ಎಸ್.ಎಸ್. ಇವೆಲ್ಲ ಕೊಳ್ಳುವವರಾಗಿ ನಿಂತಿರುವುದರಿಂದ ಪೆಟ್ಟು ಅಷ್ಟಾಗಿ ಕಾಣಲಿಲ್ಲ. ತೊಗರಿಗೆ ಅಂಥ ಬಲದ ಸಹಕಾರಿ ಕೊಳ್ಳುವವರು ಅಲ್ಲಿಲ್ಲ.

ಕೇಂದ್ರ ಸರ್ಕಾರ 2020ರಲ್ಲಿ ತಂದ ಮೂರು ಕೃಷಿ ಕಾನೂನುಗಳನ್ನು 2021ರ ನವೆಂಬರ್‌ನಲ್ಲಿ ಹಿಂತೆಗೆದುಕೊಂಡಿತು. ರಾಜ್ಯದ ತಿದ್ದುಪಡಿ ಮಾತ್ರ ಹಾಗೇ ಉಳಿಯಿತು. ಇವೆರಡೂ ಒಂದೇ ಎಂದು ತಿಳಿದವರು ನಮ್ಮಲ್ಲೂ ಬಹಳ ಮಂದಿ. 2023ರ ಜುಲೈಯಲ್ಲಿ ಕಾಂಗ್ರೆಸ್ ಸರ್ಕಾರ ಅದನ್ನು ರದ್ದುಪಡಿಸುವ ಮಸೂದೆಯನ್ನು ವಿಧಾನಸಭೆಯಲ್ಲಿ ಅಂಗೀಕರಿಸಿತು. ವಿರೋಧಿಗಳ ಸಂಖ್ಯೆ ಹೆಚ್ಚಿದ್ದ ವಿಧಾನ ಪರಿಷತ್ತು ಅದನ್ನು ಪರಿಶೀಲನಾ ಸಮಿತಿಗೆ ಕಳುಹಿಸಿತು. ಬಜೆಟ್ಟಿನ ಸವಲತ್ತಿನಂತಲ್ಲದೆ, ಕಾನೂನಿನ ರೂಪ ಪಡೆದ ಆದ್ಯತೆಯನ್ನು ಬದಲಿಸುವುದು ಹೀಗೆ ನಿಧಾನದ ಕೆಲಸ.

ಜಮೀನು ಮತ್ತು ಕೊಟ್ಟಿಗೆ

ಅದೇ 2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳು ಹೋದವು. ಕೃಷಿಯಲ್ಲದ ಮೂಲದಿಂದ ವರ್ಷಕ್ಕೆ 25 ಲಕ್ಷಕ್ಕಿಂತ ಹೆಚ್ಚು ಆದಾಯ ಇರುವವರು ಸಾಗುವಳಿ ಜಮೀನು ಕೊಳ್ಳಬಾರದೆಂಬ ತಡೆಯೂ, ಕೃಷಿಕರಲ್ಲದ ಸಂಸ್ಥೆಗಳ ಮೇಲಿನ ತಡೆಯೂ ಇದರಿಂದ ಇಲ್ಲವಾದವು. ಹಿಡುವಳಿಯ ಗರಿಷ್ಠ ಮಿತಿಯನ್ನು ಇಮ್ಮಡಿಸುವ ಅಂಶ ಸುಗ್ರೀವಾಜ್ಞೆಯಲ್ಲಿತ್ತು. ವಿರೋಧ ಬಂದು ಮಸೂದೆಯಲ್ಲಿ ಅದನ್ನು ಕೈಬಿಟ್ಟರು. ದೇವರಾಜ ಅರಸರ ಕಾಲದ, 1974ರ ತಿದ್ದುಪಡಿಯ ಗೇಣಿ ಹಕ್ಕಿನ ಭಾಗವನ್ನು ಯಾರೂ ಮುಟ್ಟಲಿಲ್ಲ.

ಇಲ್ಲಿ ನಮ್ಮ ಸದಸ್ಯರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಭೂಸುಧಾರಣಾ ಕಾಯಿದೆಯಲ್ಲಿ ಕಾಫಿ, ಏಲಕ್ಕಿ, ಮೆಣಸು, ರಬ್ಬರ್, ಚಹಾ ಇವು ಪ್ಲಾಂಟೇಷನ್ ಬೆಳೆಗಳು, ಅವಕ್ಕೆ 104ನೆಯ ಕಲಮಿನ ವಿನಾಯಿತಿ ಇದೆ. ಅಡಿಕೆ ಆ ಸಾಲಿನಲ್ಲಿಲ್ಲ. ಅಂದರೆ ಜಮೀನಿನ ವಿಚಾರದಲ್ಲಿ ಅಡಿಕೆ ಬೆಳೆಗಾರ ಕಾಫಿಯವನ ಪಂಕ್ತಿಯವನಲ್ಲ, ಬಸವಕಲ್ಯಾಣದ ತೊಗರಿಯವನ ಪಂಕ್ತಿಯವನು. ಒಂದೇ ತೋಟದಲ್ಲಿ ಎರಡೂ ಬೆಳೆ ಇರುವ ಬಂಧುಗಳು ತಮ್ಮ ಪಹಣಿಯಲ್ಲಿ ಯಾವ ಬೆಳೆ ನಮೂದಾಗಿದೆ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಹುಮನಾಬಾದ್ ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲಿದೆ. 2017ರ ಅಕ್ಟೋಬರ್‌ನಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗವೂ ಆ ಮೂಲಕ ತೆರೆಯಿತು. ಇಂಥ ಊರಿನಲ್ಲಿ ಕೊಳ್ಳುವವರಿಗೆ ತಡೆ ತೆಗೆದರೆ ರಸ್ತೆಬದಿಯ ಜಮೀನಿಗೆ ಬೆಲೆ ಬರುವುದು ನಿಶ್ಚಯ. ಮಾರುವವನಿಗೆ ಅದು ಲಾಭ. ಪಕ್ಕದ ಎರಡು ಎಕರೆ ಕೊಂಡು ಹಿಡುವಳಿ ಬೆಳೆಸಬೇಕೆಂದಿದ್ದ ರೈತನಿಗೆ ಅದು ಕೈಗೆಟುಕದ ಮಾತಾಗುತ್ತದೆ. ಒಂದೇ ಕಾನೂನು ಒಂದೇ ಊರಿನ ಇಬ್ಬರು ರೈತರಿಗೆ ಎರಡು ಮುಖ ತೋರಿಸುವುದನ್ನು ಯಾವ ಪ್ರಣಾಳಿಕೆಯೂ ಹೇಳುವುದಿಲ್ಲ.

ಗೋಹತ್ಯಾ ನಿಷೇಧದ ಹೊಸ ಕಾನೂನಿನ ಮಸೂದೆಯನ್ನು ಮುಂದೆ ನಿಂತು ನಡೆಸಿದವರು ಅದೇ ಬೀದರ್ ಜಿಲ್ಲೆಯ ಔರಾದ್ ಶಾಸಕ, ಅಂದಿನ ಪಶುಸಂಗೋಪನಾ ಸಚಿವ ಶ್ರೀ ಪ್ರಭು ಚವ್ಹಾಣ್. 1964ರ ಕಾಯಿದೆ ಹಸು, ಕರುಗಳ ವಧೆಯನ್ನು ತಡೆದಿದ್ದರೂ 12 ವರ್ಷ ಮೀರಿದ ಎತ್ತು, ಕೋಣ, ಎಮ್ಮೆಗಳಿಗೆ ಪ್ರಮಾಣಪತ್ರದ ಮೇಲೆ ಅವಕಾಶ ಇಟ್ಟಿತ್ತು. 2021ರ ಜನವರಿಯಲ್ಲಿ ಜಾರಿಗೆ ಬಂದ ಕಾನೂನಿನಲ್ಲಿ 13 ವರ್ಷ ಮೀರಿದ ಎಮ್ಮೆ, ಕೋಣಗಳಿಗೆ ಮಾತ್ರ ಅವಕಾಶ. ಶಿಕ್ಷೆ 3ರಿಂದ 7 ವರ್ಷದ ಸೆರೆ, ದಂಡ 50 ಸಾವಿರದಿಂದ ಆರಂಭ. ಬೀದರ್ ದೇವಣಿ ತಳಿಯ ಸೀಮೆ. ಎತ್ತನ್ನು ಮಗನಂತೆ ನೋಡುವ ರೈತರು ಅಲ್ಲಿ ಈಗಲೂ ಇದ್ದಾರೆ, ಆ ಭಾವನೆಯನ್ನು ಹಗುರಾಗಿ ನೋಡುವುದು ತರವಲ್ಲ. ಆದರೂ ಉಳುವ ಶಕ್ತಿ ಕಳೆದ ಎತ್ತನ್ನು ಮಾರಿ ಬಂದ ಹಣಕ್ಕೆ ಇನ್ನಷ್ಟು ಸೇರಿಸಿ ಹೊಸ ಎತ್ತು ತರುವುದೇ ಸಣ್ಣ ಹಿಡುವಳಿದಾರನ ಲೆಕ್ಕವಾಗಿತ್ತು. ಆ ಲೆಕ್ಕದ ಒಂದು ಕಡೆ ಅಳಿಸಿದ ಮೇಲೆ ಮೇವಿನ ಖರ್ಚನ್ನು ಹೊರುವವರಾರು? ಜಿಲ್ಲೆಗೊಂದು ಸರ್ಕಾರಿ ಗೋಶಾಲೆ, ಪುಣ್ಯಕೋಟಿ ದತ್ತು ಯೋಜನೆ ಇವು ಸರ್ಕಾರ ಕೊಟ್ಟ ಉತ್ತರಗಳು. ಜಿಲ್ಲೆಗೊಂದು ಗೋಶಾಲೆ ಎಂದರೆ ನಮ್ಮ ದೃಷ್ಟಿಯಲ್ಲಿ ಬಾವಿಗೊಂದು ಚೊಂಬು. ಗೊಬ್ಬರಕ್ಕೆಂದು ನಾಲ್ಕು ಜಾನುವಾರು ಕಟ್ಟಿರುವ ಅಡಿಕೆ ತೋಟದವರೂ ಈ ಖರ್ಚನ್ನು ಬಲ್ಲರು.

ಕಲ್ಲು ಇಟ್ಟದ್ದು ಮತ್ತು ಗಾಣ ನಿಂತದ್ದು

ಬಸವಕಲ್ಯಾಣದ ಹೆಸರು ಬಂದಾಗ ಅನುಭವ ಮಂಟಪದ ಮಾತು ಬರಲೇಬೇಕು. 12ನೆಯ ಶತಮಾನದಲ್ಲಿ ಬಸವಾದಿ ಶರಣರು ಕೂಡಿದ ಕಲ್ಯಾಣ ಅದು. ಶ್ರೀ ಗೊ. ರು. ಚನ್ನಬಸಪ್ಪನವರ ಸಮಿತಿಯ ವರದಿಯ ಮೇಲೆ ಸುಮಾರು 500 ಕೋಟಿ ರೂ. ಅಂದಾಜಿನ ನೂತನ ಅನುಭವ ಮಂಟಪಕ್ಕೆ ಯಡಿಯೂರಪ್ಪನವರು 2021ರ ಜನವರಿ 6ರಂದು ಅಡಿಗಲ್ಲು ಇಟ್ಟರು. ಉಪಚುನಾವಣೆ ನಡೆದದ್ದು ಮೂರು ತಿಂಗಳ ಮೇಲೆ. ಅದಕ್ಕೆ ಮುಂಚೆ, 2020ರ ನವೆಂಬರ್‌ನಲ್ಲಿ, ಮರಾಠರ ಸಂಖ್ಯೆ ಗಣನೀಯವಾಗಿರುವ ಆ ಕ್ಷೇತ್ರವನ್ನು ಎದುರಿಗಿಟ್ಟುಕೊಂಡು ಮರಾಠ ಅಭಿವೃದ್ಧಿಗೆ 50 ಕೋಟಿ ರೂ. ಘೋಷಣೆಯಾಯಿತೆಂದು ಆಗ ಟೀಕೆ ಕೇಳಿಬಂದಿತು. ಮಂಟಪ ಬೇಡವೆನ್ನುವವರು ಆ ನಾಡಿನಲ್ಲಿ ಯಾವ ಪಕ್ಷದಲ್ಲೂ ಇಲ್ಲ, ನಾವೂ ಬೇಡವೆನ್ನುವುದಿಲ್ಲ. ಆದರೆ ಅದೇ ಸೀಮೆಯ ಇನ್ನೊಂದು ಕಟ್ಟಡವನ್ನು ಸಹಕಾರಿಗಳಾದ ನಾವು ನೋಡದೆ ಹೋಗಲಾಗದು.

ಹುಮನಾಬಾದ್ ತಾಲ್ಲೂಕಿನ ಹಳ್ಳಿಖೇಡದ ಬಳಿ ಬೀದರ್ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಕಬ್ಬು ಬೆಳೆಗಾರರೇ ಷೇರುದಾರರು. ಸಾಲದ ಹೊರೆಯಲ್ಲಿ ಅದರ ಗಾಣ ನಿಂತಿತು. ಅದನ್ನು ಮತ್ತೆ ನಡೆಸುವ ಮಾತು ಎಲ್ಲ ಪಕ್ಷಗಳ ನಾಯಕರ ಬಾಯಲ್ಲೂ ಬಂದುಹೋಗಿದೆ. ಸಕ್ಕರೆ ಕಾರ್ಖಾನೆ ರಾಜ್ಯದ ಸಹಕಾರ ಕಾಯಿದೆಯ ಕೆಳಗಿನದು, ಅಂದರೆ ಬೆಂಗಳೂರಿನ ಕೈಯಲ್ಲಿರುವ ಕೆಲಸ. ಕಬ್ಬಿನ ದರ ದೆಹಲಿಯದು. 2024–25ಕ್ಕೆ ಕ್ವಿಂಟಾಲಿಗೆ 340 ರೂ., 2025–26ಕ್ಕೆ 355 ರೂ. ಎಂದು ಕೇಂದ್ರ ನಿಗದಿಪಡಿಸಿತು. ದರ ಏರಿದರೂ ಮಗ್ಗುಲಿನ ಗಾಣ ನಿಂತಿದ್ದರೆ ಕಬ್ಬನ್ನು ದೂರದ ಕಾರ್ಖಾನೆಗೆ ಸಾಗಿಸಿ, ಅವರು ಕಡಿಸುವ ದಿನಕ್ಕೆ ಕಾಯಬೇಕು. ಕಾದಷ್ಟೂ ಕಬ್ಬು ಒಣಗಿ ತೂಕ ಇಳಿಯುತ್ತದೆ. ಸಹಕಾರಿ ಸಂಸ್ಥೆಯೊಂದು ಕೆಡಲು ಆಡಳಿತ ಮಂಡಳಿ, ಸರ್ಕಾರ, ಸದಸ್ಯರ ಅಲಕ್ಷ್ಯ ಮೂರೂ ಬೇಕು. ಯಾವುದಕ್ಕೆ ಎಷ್ಟು ಪಾಲು ಎಂದು ದೂರದಿಂದ ತೀರ್ಪು ಕೊಡುವುದು ನಮಗೆ ಸಲ್ಲದು.

ತೊಗರಿಗೊಂದು ನ್ಯಾಯ, ಅಡಿಕೆಗೊಂದು ನ್ಯಾಯ

ಕಡೆಗೆ ಆಮದಿನ ವಿಚಾರ. ಇದು ಪೂರ್ತಿಯಾಗಿ ದೆಹಲಿಯ ಕೈಯಲ್ಲಿದೆ. ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕೇಂದ್ರವು 2017ರಲ್ಲಿ ಕೆ.ಜಿ.ಗೆ 251 ರೂ. ಎಂದೂ, 2023ರ ಫೆಬ್ರವರಿಯಲ್ಲಿ 351 ರೂ. ಎಂದೂ ಮಾಡಿತು. ಅದಕ್ಕಿಂತ ಅಗ್ಗದ ಪರದೇಶಿ ಅಡಿಕೆ ಕಾನೂನುಬದ್ಧವಾಗಿ ಒಳಗೆ ಬರಲಾರದು. ಮಧ್ಯೆ 2022ರಲ್ಲಿ ಭೂತಾನದಿಂದ 17,000 ಟನ್ ಹಸಿ ಅಡಿಕೆಗೆ ಈ ಬೆಲೆಯ ಕಟ್ಟಿಲ್ಲದೆ ಅನುಮತಿ ಕೊಟ್ಟಾಗ ನಾವೆಲ್ಲ ಕೂಗೆಬ್ಬಿಸಿದ್ದು ನೆನಪಿರಬಹುದು.

ತೊಗರಿಯ ಕಥೆ ತಿರುಗಾಮುರುಗ. 2016ರಲ್ಲಿ ಮೊಜಾಂಬಿಕ್ ದೇಶದೊಡನೆ ಬೇಳೆ ಕಾಳಿನ ಒಪ್ಪಂದವಾಯಿತು. 2016–17ರಲ್ಲಿ ನಮ್ಮಲ್ಲೂ ಭರ್ತಿ ಬೆಳೆ ಬಂದು, ಬೆಂಬಲ ಬೆಲೆ 5,050 ರೂ. ಇದ್ದರೂ ಪೇಟೆಯ ಧಾರಣೆ ಅದಕ್ಕಿಂತ ಕೆಳಗೆ ಬಿತ್ತು. ಆಮೇಲೆ ಆಮದಿಗೆ ಮಿತಿ ಹಾಕಿದರು, 2021ರ ಮೇ ತಿಂಗಳಲ್ಲಿ ಮಿತಿ ತೆಗೆದು ಮುಕ್ತಗೊಳಿಸಿದರು. ಬೇಳೆಯನ್ನು ಕೊಂಡು ತಿನ್ನುವವರು ಬೆಳೆಯುವವರಿಗಿಂತ ಎಷ್ಟೋ ಪಾಲು ಹೆಚ್ಚು, ಅದರ ಬೆಲೆ ಏರಿದರೆ ಪಟ್ಟಣ ಕೂಗುತ್ತದೆ. ಅಡಿಕೆಯ ಬೆಲೆ ಏರಿದರೆ ಯಾರ ಮನೆಯ ಸಾರೂ ತೆಳ್ಳಗಾಗುವುದಿಲ್ಲ. ಕರಾವಳಿ, ಮಲೆನಾಡಿನ ಸಂಸದರು ಒಂದೇ ದನಿಯಲ್ಲಿ ಕೇಳಿದರು, ಕೇಳಲು ಹೇಳಿಕೊಡುವ ಸಹಕಾರಿ ಸಂಸ್ಥೆಗಳೂ ಇದ್ದವು. ಅದೇ ಪಕ್ಷ, ಅದೇ ಸರ್ಕಾರ, ಎರಡು ಬೆಳೆಗೆ ಎರಡು ನೀತಿ. 2024–25ರಲ್ಲಿ ತೊಗರಿಯ ಬೆಂಬಲ ಬೆಲೆ 7,550 ರೂ. ಇದ್ದು, ಪೇಟೆ ಸೋತಾಗ ಅದಕ್ಕೆ ಕ್ವಿಂಟಾಲಿಗೆ 450 ರೂ. ಸೇರಿಸಿ ಕೊಟ್ಟದ್ದು ಬೆಂಗಳೂರಿನ ಕಾಂಗ್ರೆಸ್ ಸರ್ಕಾರ. ಆಮದಿನ ಬಾಗಿಲನ್ನು ಮುಚ್ಚುವ ಅಧಿಕಾರ ಅದಕ್ಕಿಲ್ಲವಾದ್ದರಿಂದ ತನ್ನ ಚೀಲಕ್ಕೆ ಕೈ ಹಾಕಬೇಕಾಯಿತು.

ಹಾಗಾದರೆ ಶಾಸಕನ ಸ್ವಂತ ಕೈಯಲ್ಲಿರುವುದೇನು? ವರ್ಷಕ್ಕೆ 2 ಕೋಟಿ ರೂ. ಕ್ಷೇತ್ರಾಭಿವೃದ್ಧಿ ನಿಧಿ, ಸದನದಲ್ಲಿ ಕೇಳುವ ಪ್ರಶ್ನೆ, ಮಸೂದೆಯ ಮೇಲಿನ ಮತ. ಬೀದರಿನಂಥ ಜಿಲ್ಲೆಗಳಲ್ಲಿ ಇನ್ನೊಂದುಂಟು. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371ಜೆ ವಿಧಿಯ ಫಲವಾಗಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ಬರುತ್ತದೆ. 2022–23ರಲ್ಲಿ 3,000 ಕೋಟಿ, 2023–24ರಲ್ಲಿ 5,000 ಕೋಟಿ ರೂ. ಎಂದು ಬಜೆಟ್ಟುಗಳು ಹೇಳಿದವು. ಅದರಲ್ಲಿ ತನ್ನ ತಾಲ್ಲೂಕಿನ ಪಾಲು ರಸ್ತೆಗೆ ಹೋಗಬೇಕೋ, ಉಗ್ರಾಣಕ್ಕೆ ಹೋಗಬೇಕೋ, ಮುಲ್ಲಾಮಾರಿ ಅಥವಾ ಚುಳಕಿ ನಾಲೆಯ ಕಾಲುವೆ ದುರಸ್ತಿಗೆ ಹೋಗಬೇಕೋ ಎಂಬಲ್ಲಿ ಅಲ್ಲಿಯ ಶಾಸಕನ ಮಾತಿಗೆ ಬೆಲೆ ಇದೆ, ಅವನು ಯಾವ ಪಕ್ಷದವನಾದರೂ.

ಮುಂದಿನ ಅಧ್ಯಯನ ಕೂಟಕ್ಕೆ ಬರುವ ಸದಸ್ಯರು ಕಳೆದ ಚುನಾವಣೆಯಲ್ಲಿ ತಮ್ಮ ಶಾಖೆ ಅಭ್ಯರ್ಥಿಗಳಿಗೆ ಕೊಟ್ಟ ಮನವಿಯ ಪ್ರತಿಯನ್ನು ತರಬೇಕೆಂದು ಕೋರುತ್ತೇವೆ. ಒಂದೊಂದು ಬೇಡಿಕೆಯ ಮುಂದೆ ಶಾಸಕ, ಬೆಂಗಳೂರು, ದೆಹಲಿ, ಸಂಘ ಈ ನಾಲ್ಕರಲ್ಲಿ ಯಾವುದು ಎಂದು ಬರೆದುಕೊಂಡು ಬನ್ನಿ. ಕೆಲವು ಸುಲಭ, ಕೆಲವು ತೊಡಕಿನವು. ಕಾಡಾನೆಯ ಕಾಟವನ್ನೇ ತೆಗೆದುಕೊಳ್ಳಿ: ವನ್ಯಜೀವಿ ಕಾಯಿದೆ 1972ರದು, ಕೇಂದ್ರದ್ದು. ಬೆಳೆ ಪರಿಹಾರದ ದರ ಗೊತ್ತುಪಡಿಸುವುದು ರಾಜ್ಯ. ಅರ್ಜಿಯ ಜೊತೆ ನಷ್ಟದ ಅಳತೆ, ಫೋಟೋ, ಪಹಣಿ ಸೇರಿಸಿ ಹೊತ್ತಿಗೆ ಸರಿಯಾಗಿ ಸಲ್ಲಿಸುವ ಕೆಲಸವನ್ನು ಶಾಖೆಯೇ ಮಾಡಿಕೊಡಬಹುದು. ಅಡಿಕೆಯ ಎಲೆಚುಕ್ಕಿ ರೋಗವನ್ನು ಯಾವ ಹೆಸರಿನ ಮುಂದೆ ಬರೆಯುತ್ತೀರಿ ಎಂಬುದರಿಂದಲೇ ಅಂದಿನ ಚರ್ಚೆಯನ್ನು ಆರಂಭಿಸೋಣ.